ಎರಡನೆಯ ಫೋಟೋ

ಕೆಂಪು ದೀಪ ಬಿದ್ದಾಗ ಪುಣೆಯ ಗಾಡಿಗಳು ಏನು ಮಾಡುತ್ತವೆ ಎಂದು ಬಿಡಿಸಿ ಹೇಳುವುದು ಬೇಡ. ಬೈಕಿನವರು ಜೀಬ್ರಾ ಪಟ್ಟೆಯ ಮೇಲೆ ಸಂತೆಯಂತೆ ನೆರೆಯುತ್ತಾರೆ, ರಿಕ್ಷಾದವರು ಸಿಕ್ಕ ಸಂದಿಯಲ್ಲಿ ಮೂತಿ ತೂರಿಸುತ್ತಾರೆ, ನಡೆದು ದಾಟುವವರು ದೇವರ ಮೇಲೆ ಭಾರ ಹಾಕುತ್ತಾರೆ. ಇಂಥ ಊರಿನಲ್ಲಿ ಹನ್ನೆರಡು ವರ್ಷ ಶಾಲೆಯ ವ್ಯಾನು ಓಡಿಸಿ ಒಮ್ಮೆಯೂ ಬಿಳಿ ಗೆರೆ ತುಳಿಯದ ಹೆಂಗಸು ಒಬ್ಬಳಿದ್ದಳು. ಸಿಗ್ನಲ್ ಹಾರಿದ ಆರೋಪ ಬಂದದ್ದು ಅವಳ ಮೇಲೇ. ಅದೂ ಒಂದಲ್ಲ, ಮೂರು ಸಲ.

ಹೆಸರು ಸುಲಭಾ. ಮನೆತನ ಧಾರವಾಡದ ಕಡೆಯದು, ಹುಟ್ಟಿ ಬೆಳೆದದ್ದು ಪುಣೆ ಪಕ್ಕದ ದಂಡಿನ ಊರು ದೇಹೂ ರೋಡಿನಲ್ಲಿ. ಅಪ್ಪ ಬಾಳಕೃಷ್ಣ ಅಲ್ಲಿನ ಮಿಲಿಟರಿ ಮೈದಾನದಲ್ಲಿ ಕವಾಯತಿಗೆ ಸುಣ್ಣದ ಗೆರೆ ಹಾಕುವ ಕೆಲಸದಲ್ಲಿದ್ದ. ಗೂಟ ಹೊಡೆದು, ದಾರ ಎಳೆದು, ಮೂವತ್ತು ವರ್ಷ ಗೆರೆ ಹಾಕಿ ಅವನ ಬೆನ್ನು ಬಾಗಿತೇ ಹೊರತು ಗೆರೆ ಬಾಗಲಿಲ್ಲ. ಎಂಥ ದೊಡ್ಡ ಸಾಹೇಬನ ಬೂಟಾದರೂ ಗೆರೆ ದಾಟಿದರೆ ಅವನಿಗೆ ಮೈ ಉರಿಯುತ್ತಿತ್ತು. ಮಗಳಿಗೆ ಆಸ್ತಿ ಬಿಡಲಿಲ್ಲ, ಈ ಸ್ವಭಾವ ಬಿಟ್ಟುಹೋದ. ಸುಲಭಾ ಸಿಗ್ನಲ್ಲಿನಲ್ಲಿ ನಿಂತಳೆಂದರೆ ವ್ಯಾನಿನ ಮೂತಿಗೂ ಗೆರೆಗೂ ನಡುವೆ ಒಂದು ಗೇಣು ಜಾಗ. ಹಿಂದಿನವರು ಹಾರ್ನ್ ಬಡಿದು ಬಡಿದು ಸತ್ತರೂ ಆ ಗೇಣು ಕಡಿಮೆಯಾಗುತ್ತಿರಲಿಲ್ಲ.

ವಿಠ್ಠಲನ ದರ್ಶನಕ್ಕೆ ಹೊರಟ ಪಾಲಖಿ ಮೆರವಣಿಗೆ ಊರು ದಾಟಿ ಮೂರು ವಾರ ಆಗಿರಬೇಕು, ಸಾಸವಡ ರಸ್ತೆಯ ಚೌಕದಲ್ಲಿ ಕೆಂಪು ದೀಪ ಹಾರಿದ್ದೀರಿ ಎಂದು ಅವಳ ಮೊಬೈಲಿಗೆ ಮೊದಲನೆಯ ಚಲನ್ ಬಂತು. ಜೊತೆಗೆ ಚೌಕದ ಕ್ಯಾಮೆರಾ ತೆಗೆದ ಒಂದು ಫೋಟೋ. ಯಾರದೋ ತಪ್ಪು ನನ್ನ ತಲೆಗೆ ಬಂದಿದೆ ಎಂದುಕೊಂಡಳು. ನಂಬರ್ ನೋಡಿದರೆ ತನ್ನ ಹೆಸರಿನಲ್ಲಿರುವ ವ್ಯಾನಿನದೇ. ಹತ್ತು ದಿನಕ್ಕೆ ಎರಡನೆಯದು, ಮತ್ತೆ ವಾರಕ್ಕೆ ಮೂರನೆಯದು. ಅದೇ ಚೌಕ, ಅದೇ ಬೆಳಗಿನ ಹೊತ್ತು.

"ದಂಡ ಕಟ್ಟಿ ಕೈ ತೊಳ್ಕೋ. ಎಲ್ಲಾರೂ ಹಂಗ ಮಾಡ್ತಾರ," ಎಂದ ಗಂಡ, ರಾಂಜಣಗಾಂವದ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದು ಚಹಾ ಕುಡಿಯುತ್ತ.

"ಎಲ್ಲಾರೂ ಹಾರ್ತಾರ, ಕಟ್ತಾರ. ನಾ ನಿಂತೇನಿ. ನಿಂತಿದ್ದಕ್ಕ ಯಾಕ ಕಟ್ಲಿ?" ಎಂದು ಅವಳು ಎಗರಿಬಿದ್ದಳು.

ದಂಡದ ಮಾತು ಹಾಗಿರಲಿ. ಮೂರು ಸಲ ಸಿಗ್ನಲ್ ಹಾರಿದ ಚಾಲಕರ ಕೈಗೆ ಮಕ್ಕಳನ್ನು ಕೊಡಬಾರದು ಎಂದು ಶಾಲೆಯ ನಿಯಮವಿತ್ತು. ಒಳ್ಳೆಯ ನಿಯಮವೇ. ಶುಕ್ರವಾರ ಮುಖ್ಯಾಧ್ಯಾಪಕಿ ಮುಕ್ತಾ ಮೇಡಂ ಕರೆಸಿದರು. ಅವರು ಬೆಳಗಾವಿ ಕಡೆಯವರು, ಇವಳ ಜೊತೆ ಕನ್ನಡದಲ್ಲೇ ಮಾತು.

"ಸುಲಭಾ, ನೀವು ಎಂಥವ್ರು ಅಂತ ನನಗ ಗೊತ್ತದ. ಆದ್ರ ನಾಳೆ ಪಾಲಕರು ಕೇಳಿದ್ರ ಏನ್ ತೋರಸ್ಲಿ? ಚಲನ್ ರದ್ದಾದ ಕಾಗದ ತರ್ರಿ. ಅಲ್ಲಿತನಕ ನಿಮ್ಮ ವ್ಯಾನು ಮಾರ್ತಾಂಡ ಓಡಸ್ತಾನ. ಸೋಮವಾರ ಮುಂಜಾನೆ ಬಂದು ಭೆಟ್ಟಿ ಆಗ್ರಿ."

ಮಾರ್ತಾಂಡ ಶಾಲೆಯ ಹಳೆಯ ಬಸ್ ಚಾಲಕ. ಕೊರಳಲ್ಲಿ ತುಳಸಿ ಮಾಲೆ, ಬಾಯಲ್ಲಿ ವಿಠ್ಠಲ, ಹಳದಿ ದೀಪಕ್ಕೇ ಬ್ರೇಕ್ ಒತ್ತುವ ಮನುಷ್ಯ. ಸುಲಭಾ ಕೀಲಿಯನ್ನು ಅವನ ಅಂಗೈಗೆ ಕುಕ್ಕಿದಳು. ಸಿಟ್ಟು ಅವನ ಮೇಲಲ್ಲ. ತನ್ನ ವ್ಯಾನು, ತನ್ನ ಹದಿನಾಲ್ಕು ಮಕ್ಕಳು. ಯಾರಿಗೆ ಗಾಡಿ ಹತ್ತಿದರೆ ವಾಂತಿ, ಯಾರು ಡಬ್ಬಿ ಮರೆತು ಇಳಿಯುತ್ತಾರೆ, ಎಲ್ಲ ಅವಳಿಗೆ ಬಾಯಿಪಾಠ. ಒಂದು ಕಂಬದ ಮೇಲೆ ಕೂತ ಕ್ಯಾಮೆರಾದ ಡಬ್ಬಿ ಅವಳನ್ನು ನಂಬಬೇಡಿ ಎಂದಿತು, ಎಲ್ಲರೂ ಹೂಂ ಅಂದರು.

ಶನಿವಾರ ಚಲನ್ ಕಚೇರಿಗೆ ಹೋದಳು. ಎರಡು ತಾಸು ಕಾದ ಮೇಲೆ ಕೇದಾರ ಎಂಬ ಅಧಿಕಾರಿ ಒಳಗೆ ಕರೆದರು. ಅವರಾಡಿದ್ದು ಮರಾಠಿ, ಇವಳಾಡಿದ್ದೂ ಮರಾಠಿ. ಇಲ್ಲಿ ಅದು ಅವಳ ಮನೆಮಾತಿನಲ್ಲೇ ಇರಲಿ.

"ನೋಡ್ರಿ ಅಕ್ಕಾರ, ಕ್ಯಾಮೆರಾಕ್ಕ ನಿಮ್ಮ ಮ್ಯಾಲ ಏನರ ಸಿಟ್ಟದ ಏನು?" ಎಂದು ಕೇದಾರ ಸಾಹೇಬರು ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದರು. "ಹಸಿರು ದೀಪ ಇದ್ದಾಗ ಅದು ಸುಮ್ಮನ ಇರ್ತದ. ಕೆಂಪು ಬಿತ್ತಂದ್ರ ಕೆಲಸ ಚಾಲೂ. ಇಲ್ಲೆ ಪರದೆ ಮ್ಯಾಲ ನಾವೊಂದು ಹಳದಿ ಗೆರಿ ಎಳದೇವಿ. ಕೆಂಪು ಇರೂಮುಂದ ಯಾವ ಗಾಡಿ ಈ ಗೆರಿ ದಾಟ್ತದೋ ಅದರದೊಂದು ಫೋಟೋ. ಎರಡು ಸೆಕೆಂಡ್ ಬಿಟ್ಟು ಇನ್ನೊಂದು ಫೋಟೋ. ನಂಬರ್ ತಾನ ಓದ್ತದ, ಮಾಲಕರ ಫೋನಿಗೆ ತಾನ ಚಲನ್ ಕಳಸ್ತದ. ನಡುವ ಮನುಷ್ಯಾನ ಕೈ ಇಲ್ಲ."

ಕೊನೆಯ ಮಾತನ್ನು ಅವರು ಹೆಮ್ಮೆಯಿಂದ ಹೇಳಿದರು. ಸುಲಭಾ ಮಾತ್ರ ಬೇರೊಂದು ಮಾತಿಗೆ ಅಂಟಿಕೊಂಡಿದ್ದಳು.

"ನನಗ ಬಂದದ್ದು ಒಂದ ಫೋಟೋ. ಎರಡನೇದ್ದು ಎಲ್ಲೆ?"

"ಅದು ನಮ್ಮ ಕಡೆ ಇರ್ತದ. ಯಾರೂ ಕೇಳೂದಿಲ್ಲ."

"ನಾ ಕೇಳಾಕತ್ತೇನಿ."

ಅವರು ಹುಡುಕಿ ತೆಗೆದರು. ಸಿಗ್ನಲ್ ಹಾರಿದ ಗಾಡಿ ಎರಡು ಸೆಕೆಂಡಿಗೆ ಚೌಕದ ನಟ್ಟನಡುವೆ ಇರಬೇಕು. ಸುಲಭಾಳ ವ್ಯಾನು ನಿಂತಿತ್ತು. ಹಿಂದಿನ ಬ್ರೇಕ್ ದೀಪಗಳು ಹೊತ್ತಿದ್ದವು. ಮುಂದೆ ರಸ್ತೆಯ ಬಿಳಿ ಗೆರೆ, ಗೆರೆಗೂ ವ್ಯಾನಿಗೂ ನಡುವೆ ಅದೇ ಒಂದು ಗೇಣು. ಉಳಿದ ಎರಡು ಚಲನ್‌ಗಳಲ್ಲೂ ಹಾಗೇ.

"ಸಾಹೇಬ್ರ, ರಸ್ತಾದ ಗೆರಿ ಎಲ್ಲೆ ಅದ, ನಿಮ್ಮ ಹಳದಿ ಗೆರಿ ಎಲ್ಲೆ ಅದ, ನೀವ ನೋಡ್ರಿ."

ಸಾಹೇಬರು ಕನ್ನಡಕ ಏರಿಸಿ ಪರದೆಗೆ ಮುಖ ಹಚ್ಚಿದರು. ಹಳದಿ ಗೆರೆ ಬಿಳಿ ಗೆರೆಗಿಂತ ಒಂದು ಮಾರು ಹಿಂದಿತ್ತು. ಪಾಲಖಿ ಬರುವ ಮುಂಚೆ ತರಾತುರಿಯಲ್ಲಿ ರಸ್ತೆಗೆ ಹೊಸ ಡಾಂಬರು ಬಿದ್ದಿತ್ತು. ಬಣ್ಣ ಬಳಿಯುವವರು ಬಿಳಿ ಗೆರೆಯನ್ನು ತಮಗೆ ತೋಚಿದಲ್ಲಿ, ಒಂದು ಮಾರು ಮುಂದೆ, ಬಳಿದು ಹೋಗಿದ್ದರು. ಕ್ಯಾಮೆರಾಕ್ಕೆ ಅದನ್ನು ಹೇಳಿದವರಿಲ್ಲ. ಅದು ಹಳೆಯ ಜಾಗವನ್ನೇ ಕಾಯುತ್ತ, ಬಿಳಿ ಗೆರೆಯನ್ನು ನಂಬಿ ಮುಂದೆ ಬಂದು ನಿಂತವರನ್ನೆಲ್ಲ ಕಳ್ಳರ ಲೆಕ್ಕಕ್ಕೆ ಸೇರಿಸುತ್ತಿತ್ತು.

ಕೇದಾರ ಸಾಹೇಬರು ನೀರು ಕುಡಿದರು. ಆಮೇಲೆ ಒಂದು ಕಾಗದ ತೆಗೆದು ಸಹಿ ಹಾಕಿ ಮುಂದೆ ಸರಿಸಿದರು. "ನಿಮ್ಮ ಮೂರೂ ಮಾಫ್. ಖುಷಿ?"

ಸುಲಭಾ ಓದಿದಳು. ಚಾಲಕಿಯ ವಿನಂತಿಯ ಮೇರೆಗೆ ಅವರ ತಪ್ಪನ್ನು ಈ ಸಲ ಮನ್ನಿಸಲಾಗಿದೆ ಎಂದಿತ್ತು. ಕಾಗದವನ್ನು ಹಿಂದಕ್ಕೆ ತಳ್ಳಿದಳು. ತಪ್ಪು ಮಾಡಿದವರು ತಪ್ಪು ಮಾಡದವಳಿಗೆ ಕ್ಷಮೆ ನೀಡುವುದೆಂದರೆ ಅದಕ್ಕಿಂತ ದೊಡ್ಡ ಅವಮಾನ ಯಾವುದಿದೆ!

"ಮಾಫಿ ಯಾರು ಕೇಳ್ಯಾರ್ರಿ? ನಾ ನಿಂತಿದ್ದೆ ಅಂತ ಬರೀರಿ."

"ಶಾಲಿಗೆ ಇಷ್ಟು ಸಾಕಾಗ್ತದ ಅಕ್ಕಾರ."

"ಶಾಲಿಗೆ ಸಾಕು. ನನಗ ಸಾಲೂದಿಲ್ಲ."

ಸಾಹೇಬರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ನೀವು ನಿಂತಿದ್ರಿ ಅಂತ ಬರದ್ರ, ಆ ಚೌಕದಾಗ ಹಿಂಗ ಸಿಕ್ಕವರದೆಲ್ಲಾ ರದ್ದು ಮಾಡಬೇಕಾಗ್ತದ. ಎಷ್ಟು ಮಂದಿ ಗೊತ್ತೇನು? ಹನ್ನೊಂದು ಸಾವಿರ."

"ಮಾಡ್ರಿ ಮತ್ತ."

"ಅವ್ರು ಯಾರೂ ಕೇಳಾಕ ಬಂದಿಲ್ಲಲ್ಲ."

ಸುಲಭಾ ಆ ಕಾಗದವನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದು ಬಂದಳು. ಅದನ್ನು ತಂದಿದ್ದರೆ ಸೋಮವಾರ ವ್ಯಾನು ವಾಪಸು ಸಿಗುತ್ತಿತ್ತು ಎಂಬುದು ಅವಳಿಗೆ ಗೊತ್ತಿತ್ತು. ಗಂಡನಿಗೂ ಗೊತ್ತಿತ್ತು, ಭಾನುವಾರವಿಡೀ ಅದನ್ನೇ ಹೇಳಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಎರಡು ಸಲ ಅನ್ನ ಸೀದಿತು.

ಸೋಮವಾರ ಏಳು ಗಂಟೆಗೇ ಮುಕ್ತಾ ಮೇಡಂ ಎದುರು ಬರಿಗೈಯಲ್ಲಿ ಕೂತಳು. ನಡೆದದ್ದನ್ನೆಲ್ಲ ಹೇಳಿದಳು. ಹಳದಿ ಗೆರೆ, ಬಿಳಿ ಗೆರೆ, ಎರಡನೆಯ ಫೋಟೋ. ಮೇಡಂ ಕೇಳಿಸಿಕೊಂಡರು, ನಿಟ್ಟುಸಿರು ಬಿಟ್ಟರು.

"ನೀವು ಹೇಳೂದು ಖರೆ ಇರಬಹುದು ಸುಲಭಾ. ಆದ್ರ ಕೊಟ್ಟ ಕಾಗದಾನೂ ಬಿಟ್ಟು ಬಂದ್ರ ನಾ ಏನ್ ಮಾಡ್ಲಿ? ಬರೇ ಬಾಯಿ ಮಾತಿನ ಮ್ಯಾಲ ಹೆಂಗ..."

ಸುಲಭಾಳ ಮೊಬೈಲ್ ಟಿಣ್ ಎಂದಿತು. ಈ ಚಲನ್‌ಗಳು ಒಮ್ಮೊಮ್ಮೆ ವಾರ ಬಿಟ್ಟು ಬರುತ್ತವೆ, ಒಮ್ಮೊಮ್ಮೆ ಗಳಿಗೆಯಲ್ಲೇ. ಓದಿದಳು, ಇನ್ನೊಮ್ಮೆ ಓದಿದಳು. ಮೊಬೈಲನ್ನು ಮೇಡಂ ಕಡೆ ತಿರುಗಿಸಿ ಮೇಜಿನ ಮೇಲೆ ಇಟ್ಟಳು. ಅವಳ ವ್ಯಾನು ಇವತ್ತು ಬೆಳಿಗ್ಗೆ ಏಳು ಹನ್ನೆರಡಕ್ಕೆ ಸಾಸವಡ ರಸ್ತೆಯ ಚೌಕದಲ್ಲಿ ಕೆಂಪು ದೀಪ ಹಾರಿತ್ತು.

ಮೇಡಂ ಗೋಡೆಯ ಗಡಿಯಾರ ನೋಡಿದರು. ಏಳು ಇಪ್ಪತ್ತು. ಸುಲಭಾ ಇಪ್ಪತ್ತು ನಿಮಿಷದಿಂದ ಅವರ ಕಣ್ಣೆದುರಿಗೇ ಕೂತಿದ್ದಳು.

"ಮಾರ್ತಾಂಡ ಸಿಗ್ನಲ್ ಹಾರ್ಯಾನ್ರಿ ಮೇಡಂ?" ಎಂದಳು. ದನಿ ಏರಿಸಲಿಲ್ಲ. ಏರಿಸುವ ಅಗತ್ಯವಿರಲಿಲ್ಲ.

ಐದು ನಿಮಿಷಕ್ಕೆ ವ್ಯಾನು ಬಂತು. ಮಕ್ಕಳನ್ನು ಇಳಿಸಿ ಒಳಗೆ ಬಂದ ಮಾರ್ತಾಂಡ ಚಲನ್ ನೋಡಿ ತುಳಸಿ ಮಾಲೆ ಹಿಡಿದುಕೊಂಡ. "ಪಾಂಡುರಂಗನ ಆಣಿರಿ, ನಾ ನಿಂತಿದ್ದೆ. ಬಿಳಿ ಗೆರಿ ಹಿಂದ ನಿಂತಿದ್ದೆ," ಎಂದು ಮತ್ತೆ ಮತ್ತೆ ಹೇಳಿದ. ಎಂದೂ ಏರದ ಅವನ ದನಿ ಆವತ್ತು ಏರಿತ್ತು.

ಮೇಡಂ ಅವನ ಕೈಯಿಂದ ಕೀಲಿ ಇಸಿದುಕೊಂಡು ಸುಲಭಾಳ ಮುಂದೆ ಹಿಡಿದರು. ಅವಳು ಕೈ ಚಾಚಲಿಲ್ಲ.

"ಕೀಲಿ ಆಮ್ಯಾಲೆ ಕೊಡ್ರಿ. ಮೊದಲ ಶಾಲಿ ಕಾಗದದ ಮ್ಯಾಲ ಬರದು ಶಿಕ್ಕಾ ಒತ್ತಿ ಕೊಡ್ರಿ."

"ಏನಂತ?"

"ಮಾರ್ತಾಂಡ ನಿಂತಿದ್ದ ಅಂತ. ಅವನ್ನೂ ಕರಕೊಂಡು ಆ ಕಚೇರಿಗೆ ಹೋಗ್ತೇನಿ. ಕೇಳಾಕ ಯಾರೂ ಬಂದಿಲ್ಲ ಅಂದಿದ್ರು ಆ ಸಾಹೇಬ್ರು."

ಮೇಡಂ ಕಾಗದ ತೆಗೆದರು, ಎರಡು ಸಾಲು ಬರೆದರು. ಮೂರನೆಯ ಸಾಲಿಗೆ ಪೆನ್ನು ನಿಂತಿತು. ತಮ್ಮ ಫೋನ್ ತೆಗೆದು ಏನನ್ನೋ ಹುಡುಕಿದರು. ಮುಖ ಕೆಂಪಾಯಿತು.

"ನನ್ನ ಕಾರಿಗೂ ಎರಡು ಬಂದಿದ್ವು ಸುಲಭಾ. ಅದ ಚೌಕದಾಗ. ಫೋಟೋನೂ ನೋಡದ ಕಟ್ಟಿಬಿಟ್ಟೆ."

"ನಿಂತಿದ್ರೇನ್ರಿ?"

ಮೇಡಂ ಫೋನ್ ಕೆಳಗಿಟ್ಟು ಪೆನ್ನು ಎತ್ತಿಕೊಂಡರು. "ನಿಂತಿದ್ದೆ," ಎಂದರು.

"ಹಂಗಾದ್ರ ಮಾರ್ತಾಂಡನ ಕೆಳಗ ನಿಮ್ಮ ಹೆಸರೂ ಬರೀರಿ," ಎಂದಳು ಸುಲಭಾ.