ಎರಡನೇ ಕ್ಲಾರಿನೆಟ್ಟಿನ ಎಂಟು ಆವರ್ತ

ನನ್ನ ಮೈದುನ ಬಾಯಿಸತ್ತವನು. ಹೋಟೆಲಿನಲ್ಲಿ ತಣ್ಣಗಿನ ಕಾಫಿ ಕೊಟ್ಟರೂ ಕುಡಿದು, ಚೆನ್ನಾಗಿತ್ತು ಅಂತ ಹೇಳಿ ಬರುವ ಪೈಕಿ. ಊರಿನ ವಾದ್ಯವೃಂದದಲ್ಲಿ ಅವನು ಎರಡನೇ ಕ್ಲಾರಿನೆಟ್. ಮೊದಲನೇ ಕ್ಲಾರಿನೆಟ್ಟಿನವನು ಮೇಲೆ ಮೇಲೆ ಹಾರುತ್ತಿದ್ದರೆ ಇವನು ಕೆಳಗೆ ನಿಂತು ಒತ್ತಾಸೆ ಕೊಡಬೇಕು. ಮದುವೆಗೆ ಮುಂಚಿನಿಂದಲೂ ಅದೇ ಕುರ್ಚಿ. ಚಪ್ಪಾಳೆ ಮಾತ್ರ ಪಕ್ಕದ ಕುರ್ಚಿಗೆ.

ಅವನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಅದೇ ವೃಂದಕ್ಕೆ ಸ್ವರಲಿಪಿ ಸಿದ್ಧಪಡಿಸುತ್ತಾಳೆ. ನಿರ್ದೇಶಕರಿಗೆ ಎಲ್ಲ ವಾದ್ಯಗಳೂ ಇರುವ ದೊಡ್ಡ ಪ್ರತಿ, ನುಡಿಸುವವರಿಗೆ ಅವರವರ ಬಿಡಿ ಹಾಳೆ, ಎರಡನ್ನೂ ಕಂಪ್ಯೂಟರಿನಲ್ಲಿ ಮಾಡಿಕೊಡುವುದು ಅವಳ ಕೆಲಸ. ಅವರ ಸಂಸಾರ ಮಹಡಿಯ ಮೇಲೆ, ನಮ್ಮದು ಕೆಳಗೆ. ಅವಳು ಕಂಪ್ಯೂಟರಿಗೆ ಬೈಯುವುದು ನಮ್ಮ ಅಡುಗೆಮನೆಗೆ ಸ್ಪಷ್ಟವಾಗಿ ಕೇಳುತ್ತದೆ.

ಈ ವರ್ಷ ಒಂದು ಹೊಸ ಕೃತಿ ಬಂತು. ಬರೆದವಳು ದೂರದ ಊರಿನವಳು. ಹಿಂದೊಮ್ಮೆ ಇವರ ತಾಲೀಮಿಗೆ ಬಂದಿದ್ದಾಗ ಮೈದುನನ ಕೆಳಸ್ಥಾಯಿ ಅವಳ ಕಿವಿಗೆ ಬಿದ್ದು ಹಿಡಿಸಿತ್ತಂತೆ. ಕೃತಿಯ ನಡುವೆ ಇಡೀ ವೃಂದ ಸುಮ್ಮನಾಗಿ, ಎರಡನೇ ಕ್ಲಾರಿನೆಟ್ ಮಾತ್ರ ಎಂಟು ಆವರ್ತ ನುಡಿಯಬೇಕು. ಓರಗಿತ್ತಿ ಅದನ್ನು ಗಂಡನಿಗೆ ತೋರಿಸಿದ್ದೇ ತಡ, ಅವನು ಕ್ಲಾರಿನೆಟ್ ಹಿಡಿದು ಬಚ್ಚಲುಮನೆ ಸೇರಿದ. ಅಲ್ಲಿ ನಾದ ಚೆನ್ನಾಗಿ ಮೊಳಗುತ್ತದಂತೆ. ನಮ್ಮ ಯಜಮಾನರು ಗಡ್ಡ ಹೆರೆದುಕೊಳ್ಳುವಾಗ ಅದನ್ನೇ ಗುನುಗುವಷ್ಟು ಸಲ ನುಡಿಸಿದ. ಅವನ ಮುಂದಿನ ಹಲ್ಲು ಅಲುಗಾಡುತ್ತಿತ್ತು. ಕಾರ್ಯಕ್ರಮವಾದ ಮೇಲೆ ಕೀಳಲೇಬೇಕು, ಆಮೇಲೆ ಊದುವ ಮಾತೇ ಇಲ್ಲ ಎಂದು ದಂತವೈದ್ಯರು ಹೇಳಿಯಾಗಿತ್ತು. ಅವನೊಬ್ಬನೇ ನುಡಿಸುವುದು ಇದೇ ಮೊದಲು, ಇದೇ ಕೊನೆ.

ಅಷ್ಟರಲ್ಲಿ ನಿರ್ದೇಶಕರ ಅಪ್ಪಣೆಯಾಯಿತು: ದೊಡ್ಡ ಪ್ರತಿಯಲ್ಲಿ ವಾದ್ಯಕ್ಕೊಂದು ಸಾಲು ಕೊಟ್ಟರೆ ಸ್ವರಗಳು ಇರುವೆಗಳ ಹಾಗೆ ಕಾಣುತ್ತವೆ, ಊದುವ ವಾದ್ಯಗಳನ್ನು ಜೋಡಿ ಜೋಡಿಯಾಗಿ ಒಂದೇ ಸಾಲಿಗೆ ಸೇರಿಸಿ. ಹೇಳುವುದೇನೋ ಸುಲಭ. ಒಂದೇ ಸಾಲಿನಲ್ಲಿ ಇಬ್ಬರೆಂದರೆ ಎರಡು ಸಂಸಾರಕ್ಕೆ ಒಂದೇ ಬಚ್ಚಲು ಇದ್ದ ಹಾಗೆ. ಮೊದಲನೆಯವನ ಸ್ವರದ ಕಡ್ಡಿ, ಅಂದರೆ ಸ್ವರದ ಬೊಟ್ಟಿಗೆ ಅಂಟಿದ ಗೀಟು, ಮೇಲಕ್ಕಿರಬೇಕು, ಎರಡನೆಯವನದು ಕೆಳಕ್ಕೆ. ಒಬ್ಬನೇ ನುಡಿಸುವ ಕಡೆ ಆ ಲೆಕ್ಕವಿಲ್ಲ. ಅಲ್ಲಿ ಕೆಳಸ್ಥಾಯಿಯ ಸ್ವರವಾದರೆ, ಯಾರದೇ ಆಗಲಿ, ಕಡ್ಡಿ ಮೇಲಕ್ಕೇ ಏಳುತ್ತದೆ, ಯಾರದೆಂದು ತಿಳಿಯಲು ತಲೆಯ ಮೇಲೆ ೧ ಅಥವಾ ೨ ಹಾಕುತ್ತಾರೆ. ಓರಗಿತ್ತಿ ೨ ಹಾಕಿಯೇ ಇದ್ದಳು. ಸಾಲುಗಳನ್ನು ಕೂಡಿಸುವಾಗ ಆ ದರಿದ್ರ ತಂತ್ರಾಂಶ ಅದನ್ನು ಅಳಿಸಿ, ಕಡ್ಡಿ ಮೇಲಿದೆಯಲ್ಲ ಎಂದು ತಾನೇ ೧ ಮಾಡಿತು. ಬಿಡಿ ಹಾಳೆಗಳನ್ನೂ ಅದೇ ಪ್ರಕಾರ ಹಂಚಿತು. ಅಷ್ಟೊಂದು ಪುಟಗಳ ನಡುವೆ ಅವಳ ಕಣ್ಣು ತಪ್ಪಿತು.

ಮೈದುನನ ಕೈಗೆ ಬಂದ ಹಾಳೆಯಲ್ಲಿ ಆ ಜಾಗ ಖಾಲಿ. ಅವನು ತುಟಿ ಪಿಟಕ್ಕೆನ್ನಲಿಲ್ಲ. ಬಚ್ಚಲುಮನೆ ನಿಶ್ಶಬ್ದವಾಯಿತು. ಪಾಪ, ಹಲ್ಲುನೋವಿರಬೇಕು ಎಂದುಕೊಂಡೆವು.

ಕೊನೆಯ ತಾಲೀಮಿಗೆ ಓರಗಿತ್ತಿ, ನಾನು ಇಬ್ಬರೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಎಲ್ಲ ವಾದ್ಯಗಳೂ ನಿಂತವು. ನಿರ್ದೇಶಕರು ಮೊದಲನೆಯವನತ್ತ ಕೈ ತೋರಿಸಿದರು, ಅವನು ಶುರು ಮಾಡಿದ. ಓರಗಿತ್ತಿ ಎದ್ದು ವೇದಿಕೆಯತ್ತ ಓಡಿದಳು.

"ನಿಲ್ಸಿ ಸರ್! ಅದು ಎರಡನೆಯವರದು. ಹಾಳೆ ತಪ್ಪಾಗಿದೆ, ತಪ್ಪು ನಂದೇ."

ಮೊದಲನೆಯವನು ಒಳ್ಳೆಯವನೇ. "ಹೌದಾ? ಹಾಗಾದ್ರೆ ನೀವೇ ನುಡಿಸಿ ಸರ್," ಎಂದು ಹಾಳೆಯನ್ನು ಪಕ್ಕಕ್ಕೆ ಸರಿಸಿದ. ನಿರ್ದೇಶಕರು ಗಡಿಯಾರ ನೋಡಿಕೊಂಡರು. "ನಾಳೇನೇ ಕಾರ್ಯಕ್ರಮ. ಆದ್ರೂ ಪರವಾಗಿಲ್ಲ, ನುಡಿಸ್ತೀನಿ ಅಂದ್ರೆ ನುಡಿಸಿ. ಏನಂತೀರಿ?"

ಎಲ್ಲರೂ ಮೈದುನನ ಮುಖ ನೋಡಿದರು. ಹೂಂ ಎಂದಿದ್ದರೆ ಮುಗಿದಿತ್ತು.

"ಇರ್ಲಿ ಬಿಡಿ ಸರ್," ಎಂದ. "ಚೆನ್ನಾಗೇ ಬರ್ತಿದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಮನೆ ಸೇರಿ ಮಹಡಿ ಮೆಟ್ಟಿಲು ಹತ್ತುವಷ್ಟೂ ತಾಳ್ಮೆ ಓರಗಿತ್ತಿಗಿರಲಿಲ್ಲ. ಮೆಟ್ಟಿಲ ಬುಡದಲ್ಲೇ ಹಿಡಿದುಕೊಂಡಳು.

"ಹಾಳೆ ಕೈಗೆ ಬಂದ ದಿನಾನೇ ಯಾಕ್ರೀ ಹೇಳ್ಲಿಲ್ಲ?"

"ನಿರ್ದೇಶಕರೇ ಬದಲಾಯಿಸಿರ್ಬೇಕು ಅಂದ್ಕೊಂಡೆ."

"ಹಾಳೆ ಮಾಡಿದವಳು ನಾನು! ನನ್ನ ಒಂದು ಮಾತು ಕೇಳೋಕೆ ಏನಾಗಿತ್ತು?"

ಅವನು ಚಪ್ಪಲಿ ಬಿಚ್ಚಿ, ಜೋಡಿಸಿ ಇಟ್ಟ. "ನಿಂಗೂ ಗೊತ್ತಿದೆ, ನಂಗೆ ಬೇಜಾರಾಗತ್ತೆ ಅಂತ ಹೇಳ್ದೆ ಸುಮ್ನಿದೀಯ ಅಂದ್ಕೊಂಡೆ."

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಾನು ಬಿಡಲಿಲ್ಲ. "ಅಲ್ಲಯ್ಯಾ, ಇವತ್ತು ಎಲ್ಲರೆದುರಿಗೆ ಕೇಳಿದ್ರಲ್ಲ, ಆಗಲಾದ್ರೂ ಬಾಯಿ ಬಿಡಬಾರದಿತ್ತಾ?"

"ಅವನೂ ಕಷ್ಟಪಟ್ಟು ಕಲ್ತಿದಾನೆ ಅತ್ತಿಗೆ," ಎಂದು ಮೇಲೆ ಹೋದ. ಇಂಥವನನ್ನು ಬೈದು ಪ್ರಯೋಜನವೇನು? ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಯಾದರೂ ಸ್ವಲ್ಪ ಸದ್ದು ಮಾಡುತ್ತದೆ.

ಮರುದಿನ ಸಭಾಂಗಣ ತುಂಬಿತ್ತು. ಓರಗಿತ್ತಿ ಬರುವುದೇ ಇಲ್ಲ ಎಂದು ಹಟ ಹಿಡಿದಿದ್ದಳು, ನಾನೇ ಎಳೆದುಕೊಂಡು ಹೋದೆ. ವೃಂದ ನಿಂತಿತು. ಮೊದಲನೆಯವನು ಎದೆ ತುಂಬ ಉಸಿರೆಳೆದು ಶುರು ಮಾಡಿದ. ಎಲ್ಲರ ಕಣ್ಣೂ ಅವನ ಮೇಲೆ. ಅವಳು ಮಾತ್ರ ಗಂಡನನ್ನೇ ನೋಡುತ್ತಿದ್ದಳು. ನಾನೂ ಅತ್ತ ನೋಡಿದೆ.

ಅವನ ಕ್ಲಾರಿನೆಟ್ ತೊಡೆಯ ಮೇಲಿತ್ತು, ತುಟಿ ಮುಚ್ಚಿತ್ತು. ಬೆರಳುಗಳು ಮಾತ್ರ ರಂಧ್ರಗಳ ಮೇಲೆ ಓಡಾಡುತ್ತಿದ್ದವು. ಒಂದೊಂದೇ ಮುಚ್ಚುತ್ತ, ಒಂದೊಂದೇ ತೆರೆಯುತ್ತ, ಎಂಟು ಆವರ್ತವನ್ನೂ ಸದ್ದಿಲ್ಲದೆ ನುಡಿಸಿ ಮುಗಿಸಿದ.

ಚಪ್ಪಾಳೆ ಬಿತ್ತು. ಮೊದಲನೆಯವನು ಎದ್ದು ನಿಂತು ಬಾಗಿದ. ಮೈದುನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಓರಗಿತ್ತಿಯ ಉಗುರು ನನ್ನ ಕೈಯಲ್ಲಿ ನೆಟ್ಟಿತ್ತು. "ನೋಡಿದ್ರಾ ಅಕ್ಕಾ," ಎಂದಳು, ಹಲ್ಲು ಕಚ್ಚಿಕೊಂಡೇ. "ಒಂದು ಸ್ವರಾನೂ ತಪ್ಪಲಿಲ್ಲ."