ತೀನಾ ಇಟ್ಟ ಕೆಂಪು ಚುಕ್ಕೆ

ಡೀಡ್ರಿಕ್ ತೀಸೆನ್ ಕೈಗೆ ಸ್ಕ್ರೂಡ್ರೈವರ್ ಬಂತೆಂದರೆ ಆ ಊರಿನ ಯಾವ ಯಂತ್ರವೂ ಸುಳ್ಳು ಹೇಳುವಂತಿರಲಿಲ್ಲ. ಕೆನಡಾದ ಮ್ಯಾನಿಟೋಬಾದಲ್ಲಿ, ಮೆನೊನೈಟ್ ಎಂಬ ಮಡಿವಂತ ಕ್ರೈಸ್ತರ ಆ ಪುಟ್ಟ ಹಳ್ಳಿಯಲ್ಲಿ ನಲವತ್ತು ವರ್ಷ ಅವನು ನೀರಿನ ಪಂಪು, ಕೆನೆ ತೆಗೆಯುವ ಯಂತ್ರ, ಚರ್ಚಿನ ಗಡಿಯಾರ ಎಲ್ಲವನ್ನೂ ರಿಪೇರಿ ಮಾಡಿದ. ಗಡಿಯಾರ ಎರಡು ನಿಮಿಷ ಹಿಂದಿದ್ದರೆ ಅವನ ತಲೆಗೆ ಪ್ರವಚನವೇ ಹತ್ತುತ್ತಿರಲಿಲ್ಲ. ಅಂಥ ಮಹಾನುಭಾವನಿಗೆ ಗಂಟುಬಿದ್ದವಳು ತೀನಾ. ಉಪ್ಪು ಅಂದಾಜು, ಹಿಟ್ಟು ಅಂದಾಜು, ಹೊತ್ತೂ ಅಂದಾಜು.

ಅವಳ ಓವನ್ನೂ ಅವಳ ಹಾಗೇ. ಗುಂಡಿಯನ್ನು ಫ್ಯಾರನ್‌ಹೀಟಿನ ಮುನ್ನೂರೈವತ್ತಕ್ಕೆ ತಿರುಗಿಸಿದರೆ ಒಳಗೆ ನಾನೂರು ಡಿಗ್ರಿ ಕಾಯುತ್ತಿತ್ತು. ತೀನಾ ಅದರ ಜೊತೆ ಜಗಳಕ್ಕೆ ಹೋಗಲಿಲ್ಲ, ಗಂಡನಿಗೆ ದೂರನ್ನೂ ಕೊಡಲಿಲ್ಲ. ಗುಂಡಿ ಎಲ್ಲಿಗೆ ತಿರುಗಿಸಿದರೆ ಬನ್ನು ಹದವಾಗಿ ಕೆಂಪಗಾಗುತ್ತದೋ ಆ ಜಾಗ ಹುಡುಕಿ, ಅಲ್ಲಿಗೆ ಕೆಂಪು ಉಗುರುಬಣ್ಣದಿಂದ ಒಂದು ಚುಕ್ಕೆ ಇಟ್ಟಳು. ಅಂಥ ಮಡಿವಂತರ ಮನೆಗೆ ಉಗುರುಬಣ್ಣ ಹೇಗೆ ಬಂತೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆ ಊರಲ್ಲಿ ಯಾರಾದರೂ ತೀರಿಕೊಂಡರೆ, ಮಣ್ಣು ಮಾಡುವ ಹಿಂದಿನ ದಿನ ಹಿಟ್ಟು ನಾದಿ ಮನೆಮನೆಗೆ ಹಂಚುತ್ತಾರೆ. ದೊಡ್ಡ ಉಂಡೆಯ ಮೇಲೆ ಚಿಕ್ಕ ಉಂಡೆ ಕೂರಿಸಿದ ಜೋಡಿ ಬನ್ನುಗಳನ್ನು ಒಬ್ಬೊಬ್ಬಳೂ ತನ್ನ ಓವನ್ನಿನಲ್ಲಿ ಬೇಯಿಸಿ ತರಬೇಕು. ನಲವತ್ತು ವರ್ಷದಲ್ಲಿ ತೀನಾಳ ಪಾಲು ಒಮ್ಮೆಯೂ ತಪ್ಪಿರಲಿಲ್ಲ.

ಜನವರಿಯಲ್ಲಿ ತೀನಾ ಆಸ್ಪತ್ರೆ ಸೇರಿದಳು. ಖಾಲಿ ಮನೆಯಲ್ಲಿ ಡೀಡ್ರಿಕ್‌ಗೆ ಕೈಕಟ್ಟಿ ಕೂರಲು ಆಗಲಿಲ್ಲ. ಓವನ್ನಿನೊಳಗೆ ಥರ್ಮಾಮೀಟರ್ ಇಟ್ಟು ಮೂರು ದಿನ ಅಳೆದ. ಗುಂಡಿ ಕಿತ್ತು, ಅದರ ಹಿಂದಿದ್ದ ಸ್ಕ್ರೂ ತಿರುಗಿಸಿ ಐವತ್ತು ಡಿಗ್ರಿಯ ಸುಳ್ಳನ್ನು ಸರಿಮಾಡಿದ. ಆಸ್ಪತ್ರೆಗೆ ಹೋಗಿ ಹೆಮ್ಮೆಯಿಂದ ಹೇಳಿಯೂ ಹೇಳಿದ.

"ನಿನ್ನ ಓವನ್ನಿಗೆ ಬುದ್ಧಿ ಕಲಿಸ್ಬಿಟ್ಟೆ ಕಣೇ. ಈಗ ಮುನ್ನೂರೈವತ್ತು ಅಂದ್ರೆ ಮುನ್ನೂರೈವತ್ತೇ."

ತೀನಾ ನಕ್ಕಳು. ನಗುವುದಕ್ಕೂ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. "ಅಯ್ಯೋ, ಯಾಕ್ರೀ? ಚೆನ್ನಾಗೇ ಇತ್ತಲ್ಲ. ಈಗ ನಾನು ಬಂದು ಮತ್ತೆ ಮೊದಲಿಂದ ಅದರ ಹದ ಕಲೀಬೇಕಾ?"

"ಕಲಿತೀಯಂತೆ ಬಿಡು. ಬೇಕಾದಷ್ಟು ಟೈಮಿದೆ."

ಟೈಮಿರಲಿಲ್ಲ. ಮಾರ್ಚ್ ಮೊದಲ ವಾರ ತೀನಾ ಹೋಗಿಬಿಟ್ಟಳು.

ಮಣ್ಣು ಮಾಡುವ ಹಿಂದಿನ ದಿನ ಬೆಳಿಗ್ಗೆ ತೀನಾಳ ತಂಗಿ ಯುಸ್ತೀನಾ ಹಿಟ್ಟಿನ ಬೋಗುಣಿಗಳನ್ನು ಹೊತ್ತು ಬೀದಿಯಲ್ಲಿ ಬಂದಳು. ಎದುರು ಮನೆಗೆ ಕೊಟ್ಟಳು, ಪಕ್ಕದ ಮನೆಗೆ ಕೊಟ್ಟಳು, ಭಾವನ ಮನೆ ದಾಟಿ ಮುಂದೆ ಹೋದಳು. ಡೀಡ್ರಿಕ್ ಕೋಟನ್ನೂ ಹಾಕಿಕೊಳ್ಳದೆ ಹಿಮದಲ್ಲಿ ಓಡಿದ.

"ನಮ್ಮ ಪಾಲೆಲ್ಲಿ?"

"ಸಾವಾದ ಮನೆಗೆ ಹಿಟ್ಟು ಕೊಡಲ್ಲ ಭಾವ. ನಿಮಗೆ ಗೊತ್ತಿಲ್ವಾ?"

"ಊರಿನವರೆಲ್ಲರ ಸಾವಿಗೂ ಅವಳ ಓವನ್ನಿಂದ ಬನ್ನು ಹೋಗಿದೆ. ಅವಳ ಸಾವಿಗೆ ಮಾತ್ರ ಹೋಗಬಾರದಾ?"

ಯುಸ್ತೀನಾ ಸೆರಗಿನಂತೆ ಏಪ್ರನ್ ಎಳೆದು ಕಣ್ಣೊರೆಸಿಕೊಂಡಳು. "ನೀವು ಕಾಫಿ ನೀರನ್ನೇ ಸೀಯಿಸೋ ಗಂಡಸು. ನಡೀರಿ ಒಳಗೆ, ಚಳಿಗೆ ನೀವೂ ಹೋದೀರಿ."

ಅವಳೇ ಮೇಜಿನ ಮೇಲೆ ಉಂಡೆ ಕಟ್ಟಿ ಎರಡು ತಟ್ಟೆ ತುಂಬಿದಳು. ಡೀಡ್ರಿಕ್ ಗುಂಡಿಯನ್ನು ಕೆಂಪು ಚುಕ್ಕೆಗೆ ತಿರುಗಿಸಿದ.

"ನಾನೂರಕ್ಕೆ ಇಡಿ ಭಾವ."

"ಚುಕ್ಕೆ ಎಲ್ಲಿದೆಯೋ ಅಲ್ಲಿಗೆ. ತೀನಾಗಿಂತ ನಿನಗೆ ಜಾಸ್ತಿ ಗೊತ್ತಾ?"

ಇಪ್ಪತ್ತು ನಿಮಿಷಕ್ಕೆ ತೆಗೆದರೆ ಬನ್ನುಗಳು ಬಿಳಿಚಿಕೊಂಡು ಕೂತಿದ್ದವು. ಬಣ್ಣವಿಲ್ಲ, ಘಮವಿಲ್ಲ. ಡೀಡ್ರಿಕ್ ಚುಕ್ಕೆಯನ್ನೇ ನೋಡುತ್ತ ನಿಂತ. ಆಮೇಲೆ ಅವನಿಗೆ ಹೊಳೆಯಿತು.

"ಅಯ್ಯೋ ದೇವರೇ. ನಾನೇ ಕೆಡಿಸಿದ್ದು ಇದನ್ನ."

"ಕೆಟ್ಟಿದ್ದೇನು? ಐವತ್ತು ಜಾಸ್ತಿ ಮಾಡಿ, ಬೇಯುತ್ತೆ."

ಅವನು ಸ್ಕ್ರೂಡ್ರೈವರ್ ತಂದು ಗುಂಡಿ ಕಿತ್ತ.

"ನಿಮಗೇನು ಬಂತು ಭಾವ? ಸರಿಯಿರೋದನ್ನ ತಪ್ಪು ಮಾಡ್ತೀರಾ?"

"ಇದು ನನ್ನ ಓವನ್ನು. ನನಗೆ ತೀನಾ ಓವನ್ ಬೇಕು."

ಬದುಕಿನಲ್ಲಿ ಮೊದಲ ಸಲ ಡೀಡ್ರಿಕ್ ತೀಸೆನ್ ಒಂದು ಯಂತ್ರವನ್ನು ಬೇಕೆಂದೇ ಕೆಡಿಸಿದ. ಸ್ಕ್ರೂ ಎರಡು ಸಲ ಜಾರಿತು. ಯುಸ್ತೀನಾ ಬೈಯುವುದನ್ನು ಬಿಟ್ಟು ಟಾರ್ಚ್ ಹಿಡಿದಳು. ಎರಡನೆಯ ತಟ್ಟೆ ಒಳಗೆ ಹೋಯಿತು, ಗುಂಡಿ ಅದೇ ಚುಕ್ಕೆಗೆ. ಹತ್ತು ನಿಮಿಷ ಕಳೆಯುವುದರೊಳಗೆ ಆ ಘಮ ಅಡುಗೆಮನೆಯನ್ನೆಲ್ಲ ತುಂಬಿತು, ತೀನಾ ಈಗತಾನೆ ಪಕ್ಕದ ಕೋಣೆಗೆ ಹೋದ ಹಾಗೆ. ಡೀಡ್ರಿಕ್ ಓವನ್ನಿನ ಮುಂದೆ ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತ.

ಮರುದಿನ ಮಣ್ಣು ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ. ಎಲ್ಲ ಮನೆಗಳ ಬನ್ನುಗಳೂ ಒಂದೇ ರಾಶಿ. ಕಣ್ಣು ಮಂಜಾದ ಮುದುಕ ಕೊರ್ನೇಲಿಯಸ್ ಕೈಗೆ ಸಿಕ್ಕಿದ್ದನ್ನು ತೆಗೆದು, ಮೇಲಿನ ಚಿಕ್ಕದನ್ನು ಮುರಿದು ಬಾಯಿಗಿಟ್ಟ.

"ಇದು ತೀನಾದು ಕಣಯ್ಯಾ! ತಿಂದ್ರೆ ಗೊತ್ತಾಗಲ್ವಾ?" ಎಂದು ಡೀಡ್ರಿಕ್‌ನ ತೊಡೆ ತಟ್ಟಿದವನು, ಏನು ಅಂದೆನೆಂದು ತಿಳಿದು ಬಾಯಿ ಮುಚ್ಚಿದ.

"ಹೌದು. ಅವಳದೇ" ಎಂದ ಡೀಡ್ರಿಕ್.

ಬಿಳಿಚಿದ ಮೊದಲ ತಟ್ಟೆಯನ್ನು ಹಂದಿಗೆ ಹಾಕಲು ಅವನು ಯುಸ್ತೀನಾಳನ್ನು ಬಿಟ್ಟಿರಲಿಲ್ಲ. ಮನೆಗೆ ಬಂದು ಆ ಬನ್ನುಗಳನ್ನು ದಿನಕ್ಕೆರಡರಂತೆ ಕಾಫಿಗೆ ಅದ್ದಿ, ಮುಗಿಯುವವರೆಗೂ ತಾನೊಬ್ಬನೇ ತಿಂದ.