ಚಿತ್ರ ಪ್ರದರ್ಶನದಲ್ಲಿ ಪೋಸ್ಟ್‌ಮಾಸ್ಟರರ ಹಿಂದಲೆ

ನನ್ನ ಸೋದರಮಾವ ನಲವತ್ತೊಂದು ವರ್ಷದಿಂದ ಕತ್ತರಿ ಹಿಡಿದಿದ್ದಾನೆ. ಸೈಕಲ್ ರಿಪೇರಿ ಅಂಗಡಿಗೂ ಔಷಧದ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡಂತಿರುವ ಅವನ ಕಟ್ಟಿಂಗ್ ಶಾಪಿನಲ್ಲಿ ಎರಡು ಕುರ್ಚಿ, ಉದ್ದದ ಒಂದು ಬೆಂಚು, ಗೋಡೆ ತುಂಬ ಕನ್ನಡಿ. ಕೆಲಸ ನಡೆಯುವುದು ಒಂದೇ ಕುರ್ಚಿಯಲ್ಲಿ. ಇನ್ನೊಂದರಲ್ಲಿ ಹಳೇ ಪೇಪರುಗಳು ಕೂತಿರುತ್ತವೆ. ಗಿರಾಕಿಗಳ ಹೆಸರು ಮಾವನಿಗೆ ನೆನಪಿರುವುದಿಲ್ಲ, ಮುಖವೂ ಅಷ್ಟಕ್ಕಷ್ಟೆ. ಹಿಂದಲೆ ತೋರಿಸಿದರೆ ಮಾತ್ರ ಮನೆತನವನ್ನೇ ಹೇಳಿಬಿಡುತ್ತಾನೆ. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನವನ ಕತ್ತು ನೋಡಿ, "ನಿಮ್ಮ ತಂದೆ ಈಗ ಹೇಗಿದಾರೆ?" ಎಂದು ಕೇಳಿದ್ದ. ಆತ ಸಂತೋಷದಿಂದ ತಿರುಗಿದ. ಮುಖ ನೋಡಿದ ಮೇಲೆ ಅವನು ಯಾರೆಂದು ಮಾವನಿಗೆ ತಿಳಿಯಲಿಲ್ಲ.

ಅತ್ತೆಯ ಜಾಯಮಾನವೇ ಬೇರೆ. ಪರದೆ ಹೊಲಿಯುವ ಕಾರ್ಖಾನೆಯಲ್ಲಿ ಬಣ್ಣಕ್ಕೆ ಬಣ್ಣ ಹೊಂದಿಸುವುದು ಅವಳ ಕೆಲಸ. ಸತ್ತು ನೂರು ವರ್ಷವಾದ ಒಬ್ಬ ಹೆಸರಾಂತ ಚಿತ್ರಕಾರನ ಚಿತ್ರಗಳು ನಮ್ಮೂರಿನ ಮ್ಯೂಸಿಯಮ್ಮಿಗೆ ಒಂದು ತಿಂಗಳ ಮಟ್ಟಿಗೆ ಬಂದಿವೆಯೆಂದು ತಿಳಿದ ದಿನವೇ ಮೂರು ಟಿಕೆಟ್ ತಂದಳು. ಒಂದು ಅವಳಿಗೆ, ಒಂದು ಮಾವನಿಗೆ, ಮಾವ ತಪ್ಪಿಸಿಕೊಳ್ಳದಂತೆ ಕಾಯಲು ನನಗೊಂದು.

ಆ ಭಾನುವಾರ ಊರಿಗೆ ಊರೇ ಅಲ್ಲಿ ನೆರೆದಿತ್ತು. ಒಂದೂವರೆ ಗಂಟೆ ಸಾಲಿನಲ್ಲಿ ನಿಂತು ಒಳಗೆ ಹೋದೆವು. ಒಟ್ಟು ಎಂಟು ಕೋಣೆ, ಎಲ್ಲದರಲ್ಲೂ ಜನ ಕಿಕ್ಕಿರಿದಿದ್ದರು. ಮಾವ ಕುಳ್ಳ. ಮೊದಲ ಕೋಣೆಯಲ್ಲಿ ತುದಿಗಾಲಲ್ಲಿ ನಿಂತು ಒಂದು ಚೌಕಟ್ಟಿನ ಮೇಲಂಚು ನೋಡಿದ. ಎರಡನೆಯದರಲ್ಲಿ, ಯಾರೋ ಎತ್ತಿಹಿಡಿದ ಫೋನಿನಲ್ಲಿ ಅರ್ಧ ಹಡಗು ಕಂಡಿತು. ಮೂರನೆಯ ಕೋಣೆಗೆ ಬರುವಷ್ಟರಲ್ಲಿ ಅವನ ಮುಖಕ್ಕೆ ಕಳೆ ಬಂದಿತ್ತು. ನೋಡಿದರೆ, ಕಣ್ಣು ಗೋಡೆಯ ಮೇಲಿರಲಿಲ್ಲ. ಎದುರಿಗಿದ್ದ ನೂರಾರು ಹಿಂದಲೆಗಳ ಮೇಲಿತ್ತು.

"ಅದು ನೋಡು, ಒಳ್ಳೆ ಕೈ," ಎಂದು ನನ್ನ ಕಿವಿಯಲ್ಲಿ ಹೇಳಿದ. "ಇದು ಬರೀ ಮೆಷಿನ್ನು. ಆ ಹಸಿರು ಅಂಗಿಯವನು ಮನೇಲಿ ಹೆಂಡ್ತಿ ಕೈಲಿ ಮಾಡಿಸ್ಕೊಂಡಿದಾನೆ. ಅರ್ಧ ಆದಾಗ ಜಗಳ ಆಗಿದೆ."

"ನಾನು ಕರ್ಕೊಂಡು ಬಂದಿದ್ದು ಚಿತ್ರ ನೋಡೋಕೆ," ಎಂದಳು ಅತ್ತೆ.

"ನೋಡಲ್ಲ ಅಂದ್ನಾ? ಕಂಡ್ರೆ ನೋಡ್ತೀನಿ."

ಅತ್ತೆ ಮೊಣಕೈಯಲ್ಲಿ ದಾರಿ ಮಾಡಿಕೊಂಡು ಮುಂದೆ ಹೋದಳು. ಮತ್ತೆ ಅವಳು ನಮ್ಮ ಕೈಗೆ ಸಿಕ್ಕಿದ್ದು ಹೊರಬಾಗಿಲಲ್ಲೇ.

ಐದನೆಯ ಕೋಣೆಯಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದ ಚಿತ್ರವಿತ್ತು: ಹಳದಿ ಕುರ್ಚಿಯಲ್ಲಿ ಕೂತ ಮುದುಕ. ಅದರ ಮುಂದೆ ಏಳು ಸಾಲು ಜನ. ಅಲ್ಲಿ ಮಾವ ಗಕ್ಕನೆ ನಿಂತ. ಅವನ ಮೂಗಿನ ಮುಂದೆಯೇ ಬಲು ಪರಿಚಯದ ಒಂದು ತಲೆ ಇತ್ತು. ನಡುವೆ ಬಟಾಬಯಲು, ಸುತ್ತ ಬೆಳ್ಳಗೆ ನಾಲ್ಕು ಕೂದಲು. ರಿಟೈರಾದ ಪೋಸ್ಟ್‌ಮಾಸ್ಟರರ ತಲೆ ಅದು.

ಇಪ್ಪತ್ತಾರು ವರ್ಷ, ಪ್ರತಿ ತಿಂಗಳ ಮೊದಲ ಶನಿವಾರ, ಆ ತಲೆ ಮಾವನ ಕುರ್ಚಿಗೆ ಬರುತ್ತಿತ್ತು. ಎಂಟು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ನಿಂತುಹೋಯಿತು. ಮಾವ ಎರಡು ಸಲ ಮನೆಗೇ ಹೋಗಿ ವಿಚಾರಿಸಿದ್ದ. "ಹುಷಾರಿಲ್ಲ, ಎದ್ದು ಓಡಾಡೋ ಹಾಗಿಲ್ಲ," ಎಂದು ಅವರ ಹೆಂಡತಿ ಬಾಗಿಲಲ್ಲೇ ಹೇಳಿ ಕಳಿಸಿದ್ದರು. ಎರಡನೆಯ ಸಲ ಮಾವ ಹಣ್ಣು ಕೊಟ್ಟು ಬಂದಿದ್ದ.

ಈಗ ಅದೇ ತಲೆ ಗಟ್ಟಿಮುಟ್ಟಾಗಿ ಎದುರಿಗೆ ನಿಂತಿತ್ತು, ಅದೂ ಹೊಸದಾಗಿ ಕತ್ತರಿಸಿಕೊಂಡು. ಎಡಗಿವಿಯ ಹಿಂದೆ ಕತ್ತರಿ ಒಂದೆಳೆ ಮೇಲಕ್ಕೆ ಹೋಗಿದ್ದು ನನಗೇ ಕಾಣುತ್ತಿತ್ತು.

ಮಾವ ಮುಂದಕ್ಕೆ ಬಾಗಿ, ಮೆಲ್ಲಗೆ, "ತಲೆ ಸ್ವಲ್ಪ ಬಗ್ಗಿಸಿ ಸಾರ್," ಎಂದ.

ತಲೆ ತಾನಾಗಿಯೇ ಬಗ್ಗಿತು. ಬಗ್ಗಿದ ಮೇಲೆ ಅದಕ್ಕೆ ಏನಾಯಿತೆಂದು ಹೊಳೆದಿರಬೇಕು. ಬಹಳ ನಿಧಾನವಾಗಿ ತಿರುಗಿತು.

"ನಿಮಗೆ ಹುಷಾರಿರಲಿಲ್ಲ," ಎಂದ ಮಾವ.

"ಈಗ ಪರವಾಗಿಲ್ಲ," ಎಂದರು ಪೋಸ್ಟ್‌ಮಾಸ್ಟರರು.

"ಯಾರು ಮಾಡಿದ್ದು?"

"ಏನನ್ನ?"

"ಈ ಅನಾಹುತವನ್ನ."

ಹಿಂದಿದ್ದವರು ಗೊಣಗತೊಡಗಿದರು. ಕಾವಲಿಗಿದ್ದ ಹೆಂಗಸು, "ಮಾತಾಡ್ಕೊಂಡು ನಿಲ್ಬೇಡಿ, ಮುಂದೆ ನಡೀರಿ," ಎಂದಳು. ಇಬ್ಬರೂ ಒಂದು ಸಾಲು ಮುಂದೆ ಹೋದರು. ಹಿಂದೆ ನಾನು.

"ನಾನೇನು ತಪ್ಪು ಮಾಡಿದೆ, ಅಷ್ಟು ಹೇಳಿಬಿಡಿ," ಎಂದ ಮಾವ.

ಪೋಸ್ಟ್‌ಮಾಸ್ಟರರು ಮುಂದಿನವನ ಬೆನ್ನು ನೋಡುತ್ತಲೇ ಹೇಳಿದರು, "ಕೊನೇ ಸಲ ಬಂದಾಗ ಬೆಂಚು ತುಂಬ ಜನ ಇದ್ರು. ನೀವು ನನ್ನನ್ನ ಕರೆದು ಏನಂದ್ರಿ? 'ನೀವು ಮೊದಲು ಬನ್ನಿ ಸಾರ್, ಇರೋದು ನಾಲ್ಕು ಕೂದಲು, ಐದು ನಿಮಿಷದಲ್ಲಿ ಮುಗಿಯುತ್ತೆ.' ಬೆಂಚಿಗೆ ಬೆಂಚೇ ನಕ್ಕಿತು."

"ಕಾಯಿಸಬಾರ್ದು ಅಂತ ಕರೆದೆ ಸಾರ್."

"ಈಗ ಮಾಡೋನು ನಲವತ್ತು ನಿಮಿಷ ತಗೊಳ್ತಾನೆ. ಒಂದೊಂದು ಕೂದಲಿಗೂ ಮರ್ಯಾದೆ ಕೊಡ್ತಾನೆ."

ಜನ ತಳ್ಳುತ್ತಲೇ ಇದ್ದರು. ತಳ್ಳಿಸಿಕೊಂಡು, ಕೊನೆಗೆ ಇಬ್ಬರೂ ಚಿತ್ರದ ಮುಂದಿನ ಹಗ್ಗಕ್ಕೆ ಹೊಟ್ಟೆ ತಾಗಿಸಿ ನಿಂತರು. ಕುರ್ಚಿಯ ಮುದುಕ ಪಕ್ಕಕ್ಕೆ ತಿರುಗಿ ಕೂತಿದ್ದ. ಅವನ ತಲೆಯೂ ಹೆಚ್ಚುಕಡಿಮೆ ಬೋಳು. ಕಿವಿಯ ಮೇಲೆ ಉಳಿದಿದ್ದ ಕೂದಲನ್ನು ಚಿತ್ರಕಾರ ಎಳೆಎಳೆಯಾಗಿ ಬಿಡಿಸಿದ್ದ. ಒಂದೆರಡು ಎಳೆ ಬೆಳಕಿಗೆ ಹೊಳೆಯುತ್ತಿದ್ದವು. ಮಾವ ಕಣ್ಣು ಮಿಟುಕಿಸದೆ ನೋಡಿದ. ಆಮೇಲೆ, "ಇದಕ್ಕೆ ಎಷ್ಟು ದಿನ ಹಿಡೀತಂತೆ?" ಎಂದು ಕೇಳಿದ.

ಪೋಸ್ಟ್‌ಮಾಸ್ಟರರು ಕನ್ನಡಕ ಏರಿಸಿ ಪಕ್ಕದ ಚೀಟಿ ಓದಿದರು. "ಏಳು ತಿಂಗಳು."

ಕಾವಲಿನ ಹೆಂಗಸು ಮತ್ತೆ ಗದರಿದಳು. ಮಾವ ಕದಲಲಿಲ್ಲ. "ತಪ್ಪಾಯ್ತು ಸಾರ್," ಎಂದ. "ಶನಿವಾರ ಬನ್ನಿ. ಎಡಗಡೆ ಹೀಗೇ ಬಿಟ್ರೆ ನನಗೆ ನಿದ್ದೆ ಬರಲ್ಲ."

ಪೋಸ್ಟ್‌ಮಾಸ್ಟರರು ಎಡಗಿವಿಯ ಹಿಂದೆ ಬೆರಳಾಡಿಸಿ ನೋಡಿಕೊಂಡರು. "ಅಷ್ಟೊಂದು ಕೆಟ್ಟಿದೆಯಾ?"

"ಹಿಂದೆ ನಿಂತೋರಿಗೆ ಮಾತ್ರ."

ಶನಿವಾರ ಅವರು ಬಂದು ಬೆಂಚಿನ ತುದಿಯಲ್ಲಿ ಕೂತರು. ಮಾವ ಮೊದಲು ಕರೆಯಲಿಲ್ಲ. ಸರದಿ ಬಂದಾಗ ಹೊಸ ಬಟ್ಟೆ ಹೊದಿಸಿ, ಒಂದು ಗಂಟೆ ಹತ್ತು ನಿಮಿಷ ತೆಗೆದುಕೊಂಡ. ಕಾಯುತ್ತಿದ್ದ ನಾಲ್ವರು ಎದ್ದು ಹೋದರು. ಪೋಸ್ಟ್‌ಮಾಸ್ಟರರು ನಡುವೆ ನಿದ್ದೆ ಹೋಗಿ, ಎಚ್ಚರಾಗಿ, "ಮುಗೀತಾ? ಊಟಕ್ಕೆ ಮಗಳು ಬರ್ತಾಳೆ," ಎಂದರು.

"ಇನ್ನೂ ಬಲಗಡೆ ಇದೆ ಸಾರ್. ಅವಸರ ಮಾಡೋ ಕೆಲಸ ಅಲ್ಲ ಇದು."

ಮುಂದಿನ ತಿಂಗಳು ಇಬ್ಬರೂ ಚೌಕಾಸಿ ಮಾಡಿ ಅರ್ಧ ಗಂಟೆಗೆ ಒಪ್ಪಿಕೊಂಡರು. ಇವತ್ತಿಗೂ ಹಾಗೇ ನಡೆದಿದೆ. ಅದರಲ್ಲಿ ಕತ್ತರಿ ಕೂದಲಿಗೆ ತಾಗುವುದು ಐದು ನಿಮಿಷವಿರಬಹುದು. ಉಳಿದ ಹೊತ್ತು ಅದು ತಲೆಯ ಸುತ್ತ ಗಾಳಿಯಲ್ಲಿ ಚಕಚಕ ಅನ್ನುತ್ತಿರುತ್ತದೆ. ಪೋಸ್ಟ್‌ಮಾಸ್ಟರರು ಕಣ್ಣು ಮುಚ್ಚಿ ಕೂತಿರುತ್ತಾರೆ.